ಹುಬ್ಬಳ್ಳಿ ಟೈಗರ್ಸ್ ಹುಬ್ಬಳ್ಳಿಯಲ್ಲಿ ಆಡುವುದು ಯಾವಾಗ? ಮುಂದಿನ ಸೀಸನ್ ಬಗ್ಗೆ ಮಾತಾಡೋಣ ಬನ್ನಿ

ಬ್ಯಾಟ್ ದಾರ, ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. 2025ರ ಡಿಸೆಂಬರಿನ ಐಪಿಎಲ್ ಮಿನಿ ಹರಾಜು ಮುಗಿದು ಕೆಲವು ದಿನ ಆಯಿತು. ಎಲ್ಲಿ ನೋಡಿದರೂ ಆರ್‌ಸಿಬಿ ಯಾರನ್ನು ತಗೊಂಡಿತು, ಯಾರನ್ನು ಬಿಟ್ಟಿತು ಅನ್ನುವ ಮಾತೇ. ನಾನೂ ಆರ್‌ಸಿಬಿ ಅಭಿಮಾನಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯಲ್ಲಿ ನಮ್ಮ ಊರಿನ ಹೆಸರು ಇಟ್ಟುಕೊಂಡು ಆಡುವ ತಂಡದ ಬಗ್ಗೆ ಮಾತಾಡಬೇಕು ಅನ್ನಿಸಿದೆ. ಹುಬ್ಬಳ್ಳಿ ಟೈಗರ್ಸ್.

ನಾನು ಇಲ್ಲೇ ಒಂದು ಆಟದ ಸಾಮಾನಿನ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಬ್ಯಾಟಿನ ಹಿಡಿಕೆಗೆ ದಾರ ಸುತ್ತುವುದು, ಗ್ರಿಪ್ ಏರಿಸುವುದು, ಹೊಸ ಬ್ಯಾಟಿಗೆ ನಾಕಿಂಗ್ ಮಾಡಿಕೊಡುವುದು, ಅಂದರೆ ತಟ್ಟಿ ತಟ್ಟಿ ಹದ ಮಾಡುವುದು, ನನ್ನ ಕೆಲಸ. ಹನ್ನೆರಡು ವರ್ಷ ಆಯಿತು. ಹೋದ ಶನಿವಾರ ಒಬ್ಬ ಹುಡುಗ ಅಪ್ಪನ ಜೊತೆ ಬಂದ. ಏಳನೇ ಕ್ಲಾಸ್ ಇರಬೇಕು. ಕೊಹ್ಲಿಯ 18 ನಂಬರಿನ ಜರ್ಸಿ ಕೇಳಿದ, ಕೊಟ್ಟೆ. ಸುಮ್ನೆ ಕೇಳಿದೆ, "ಹುಬ್ಬಳ್ಳಿ ಟೈಗರ್ಸ್ ಗೊತ್ತೇನೋ ತಮ್ಮಾ?" ಅಂತ. "ಅದು ಬೆಂಗಳೂರಲ್ಲಿ ಆಡೋ ಟೀಮ್ ಅಲ್ವಾ ಅಂಕಲ್?" ಅಂದ.

ದಾರ ಸುತ್ತುವಾಗ ಎಳೆತ ಒಂದೇ ಸಮ ಇರಬೇಕು. ಎಡಗೈಯಲ್ಲಿ ಬ್ಯಾಟ್ ತಿರುಗಿಸುತ್ತಾ ಬಲಗೈಯಲ್ಲಿ ದಾರ ಬಿಗಿ ಹಿಡಿಯಬೇಕು. ಅವನ ಮಾತು ಕೇಳಿ ಕೈ ಸಡಿಲಾಯಿತು. ಎರಡು ಇಂಚು ಬಿಚ್ಚಿ ಮತ್ತೆ ಸುತ್ತಿದೆ. ಆ ಹುಡುಗನದು ಏನೂ ತಪ್ಪಿಲ್ಲ. ಮಹಾರಾಜ ಟ್ರೋಫಿ 2022ರಲ್ಲಿ ಶುರುವಾಯಿತು. ಮೊದಲ ವರ್ಷ ಮೈಸೂರು ಮತ್ತು ಬೆಂಗಳೂರು. 2023, 2024 ಬೆಂಗಳೂರು. 2025 ಮೈಸೂರು. ನಾಲ್ಕು ಸೀಸನ್ ಕಳೆದರೂ ಹುಬ್ಬಳ್ಳಿ ಟೈಗರ್ಸ್ ಹುಬ್ಬಳ್ಳಿಯಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಅವನು ಹುಟ್ಟಿದ ಊರಿನ ತಂಡ ಅಂತ ಅವನಿಗೆ ಗೊತ್ತಾಗುವುದಾದರೂ ಹೇಗೆ?

ನನ್ನ ಮಾತು ಇಷ್ಟೇ. ಮುಂದಿನ ಸೀಸನ್ನಿಗೆ ಒಳ್ಳೆಯ ಆಟಗಾರರು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕಿಂತ ಮೊದಲು ನಾಲ್ಕು ಪಂದ್ಯವಾದರೂ ನಮ್ಮ ರಾಜನಗರ ಮೈದಾನಕ್ಕೆ ಬರಬೇಕು. ನೀವೇನಂತೀರಿ?

ನಂಬರ್ ಹದಿನೆಂಟು, ವಿದ್ಯಾನಗರ:

ಅಣ್ಣಾ, ಮಾತು ಸರಿ ಇದೆ, ಆದರೆ ನನಗೆ ಆರ್‌ಸಿಬಿ ಸಿಟ್ಟೇ ಇನ್ನೂ ಇಳಿದಿಲ್ಲ. 2025ರ ಜೂನ್ 3ಕ್ಕೆ ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್‌ನಲ್ಲಿ ಪಂಜಾಬ್ ಮೇಲೆ 6 ರನ್‌ಗಳಿಂದ ಗೆದ್ದಾಗ ನಮ್ಮ ಓಣಿಯಲ್ಲಿ ರಾತ್ರಿಯಿಡೀ ಯಾರೂ ಮಲಗಲಿಲ್ಲ. ಹದಿನೆಂಟು ವರ್ಷ ಕಾದದ್ದು. ಈಗ ಮುಂದಿನ ಸೀಸನ್ನಿನ ತಂಡ ನೋಡಿ. ಮಯಾಂಕ್ ಅಗರ್ವಾಲ್ ಇಲ್ಲ, ಮನೋಜ್ ಭಾಂಡಗೆ ಇಲ್ಲ. ಕರ್ನಾಟಕಕ್ಕೆ ಆಡುವವರಲ್ಲಿ ಉಳಿದದ್ದು ದೇವದತ್ತ ಪಡಿಕ್ಕಲ್ ಒಬ್ಬರೇ. ಪ್ರಸಿದ್ಧ್ ಕೃಷ್ಣ ಗುಜರಾತಿಗೆ ಆಡಿ 25 ವಿಕೆಟ್ ತೆಗೆದು, ಅತಿ ಹೆಚ್ಚು ವಿಕೆಟ್ ತೆಗೆದವರಿಗೆ ಕೊಡುವ ಪರ್ಪಲ್ ಕ್ಯಾಪ್ ಹಾಕಿಕೊಂಡರು. ವೈಶಾಖ್ ಪಂಜಾಬಿನಲ್ಲಿ. ರಾಹುಲ್, ಕರುಣ್ ಡೆಲ್ಲಿಯಲ್ಲಿ. ಏಪ್ರಿಲಿನಲ್ಲಿ ರಾಹುಲ್ ಚಿನ್ನಸ್ವಾಮಿಗೇ ಬಂದು 53 ಎಸೆತಕ್ಕೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಗೀಚಿ ನಡುವೆ ಊರಿ ನಿಂತರಲ್ಲ, ಅವತ್ತು ನಾವು ಸೋತಿದ್ದೆವು, ಆದರೂ ನನಗೆ ಮೈ ಜುಮ್ಮೆಂದಿತ್ತು.

ಬ್ಯಾಟ್ ದಾರ, ಹುಬ್ಬಳ್ಳಿ:

ತಮ್ಮಾ, ನೀನು ನನ್ನ ಮಾತನ್ನೇ ಹೇಳಿದೆ. ರಾಹುಲ್ ಡೆಲ್ಲಿ ಅಂಗಿ ಹಾಕಿಕೊಂಡಿದ್ದರೂ ಆ ನೆಲ ತನ್ನದು ಅಂತ ತೋರಿಸಿದರು. ಗೀಚುವುದಕ್ಕೆ ಒಂದು ನೆಲ ಇತ್ತು. ಟೈಗರ್ಸ್ ಆಟಗಾರ ಎಲ್ಲಿ ಗೀಚಬೇಕು?

ಸ್ಕೋರರ್ ಅಕ್ಕ, ಧಾರವಾಡ:

ರಾಜನಗರ ಮೈದಾನದ ಬಗ್ಗೆ ಎಷ್ಟೋ ಜನಕ್ಕೆ ಪೂರ್ತಿ ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ. ನಾನು ಇಪ್ಪತ್ತು ವರ್ಷದಿಂದ ಈ ಭಾಗದ ಲೀಗ್ ಪಂದ್ಯಗಳಿಗೆ ಸ್ಕೋರ್ ಬರೆಯುತ್ತಿದ್ದೇನೆ.

2013ರ ಅಕ್ಟೋಬರಿನಲ್ಲಿ ವೆಸ್ಟ್ ಇಂಡೀಸ್ ಎ ತಂಡ ಇಲ್ಲಿಗೆ ಬಂದಿತ್ತು. ಆ ಪಂದ್ಯದಲ್ಲಿ ಚೇತೇಶ್ವರ ಪೂಜಾರ ಔಟಾಗದೆ 306 ಹೊಡೆದರು. ತ್ರಿಶತಕ, ನಮ್ಮ ಹುಬ್ಬಳ್ಳಿಯಲ್ಲಿ. 2024ರ ಜನವರಿಯಲ್ಲಿ ಪಂಜಾಬ್ ಮೇಲೆ ರಣಜಿ ಪಂದ್ಯ. ಮೊದಲ ದಿನ ವಾಸುಕಿ ಕೌಶಿಕ್ 41 ರನ್ನಿಗೆ 7 ವಿಕೆಟ್. ಪಂಜಾಬ್ 152ಕ್ಕೆ ಮುಗಿಯಿತು. ಆಮೇಲೆ ಪಡಿಕ್ಕಲ್ 193, ಮನೀಶ್ ಪಾಂಡೆ 118. ಆ ಪಂದ್ಯಕ್ಕೆ ನನಗೆ ಡ್ಯೂಟಿ ಇರಲಿಲ್ಲ. ಆದರೂ ಚಿಗರಿ ಬಸ್ಸು ಹಿಡಿದು ಹೋಗಿ, ಒಂದು ನೋಟ್‌ಬುಕ್ ತೊಡೆಯ ಮೇಲಿಟ್ಟುಕೊಂಡು ಪ್ರತಿ ಎಸೆತ ಬರೆದೆ. ಎದುರಿಗೆ ಅಭಿಷೇಕ್ ಶರ್ಮಾ, ಪ್ರಭ್‌ಸಿಮ್ರನ್ ಇದ್ದರು. ಇವತ್ತು ಟಿವಿಯಲ್ಲಿ ನೋಡುವ ಆ ಅಭಿಷೇಕ್ ನಮ್ಮ ಮೈದಾನದಲ್ಲಿ ಎರಡನೇ ಇನಿಂಗ್ಸಿನಲ್ಲಿ 91 ಹೊಡೆದಿದ್ದಾರೆ. ಪಡಿಕ್ಕಲ್ 200ಕ್ಕೆ ಏಳು ರನ್ ಇರುವಾಗ ಔಟಾದರು. ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಸುತ್ತ ಕೂತವರೆಲ್ಲ ಎದ್ದಿದ್ದರು.

2025ರ ನವೆಂಬರಿನಲ್ಲಿ ರಣಜಿ ಪಂದ್ಯಕ್ಕೆ ಚಂಡೀಗಢ ಬಂದಿತ್ತು. ಆರ್. ಸ್ಮರಣ್ ಔಟಾಗದೆ 227. ಶ್ರೇಯಸ್ ಗೋಪಾಲ್ ಮೊದಲ ಇನಿಂಗ್ಸಿನಲ್ಲಿ 7 ವಿಕೆಟ್. ಇನಿಂಗ್ಸ್ ಮತ್ತು 185 ರನ್ ಗೆಲುವು. ಅಂದರೆ ಪಿಚ್ ಇದೆ, ಮೈದಾನ ಇದೆ, ರಣಜಿ ನಡೆಸುವಷ್ಟು ವ್ಯವಸ್ಥೆ ಇದೆ. ಮಹಾರಾಜ ಟ್ರೋಫಿಗಿಂತ ಮೊದಲು ಇದ್ದ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಕಾಲದಲ್ಲಿ 2017, 2018ರಲ್ಲಿ ಟಿ20 ಪಂದ್ಯಗಳೇ ಇಲ್ಲಿ ನಡೆದಿವೆ. ಹೊಸದೇನನ್ನೂ ನಾವು ಕೇಳುತ್ತಿಲ್ಲ. ಇದ್ದದ್ದನ್ನು ವಾಪಸ್ ಕೇಳುತ್ತಿದ್ದೇವೆ.

ಗದಗ ಲೋಕಲ್:

ಸ್ಕೋರರ್ ಅಕ್ಕನವರಿಗೆ ನಮಸ್ಕಾರ. ನಿಮ್ಮ ಬರಹ ಓದಿ ಖುಷಿ ಆಯಿತು. ನಾನು ರೇಲ್ವೆಯಲ್ಲಿದ್ದು ರಿಟೈರ್ ಆದವನು.

ಗದಗಿನವನಾಗಿ ನಾನು ಒಂದು ಹೆಸರು ಹೇಳಲೇಬೇಕು. ಸುನೀಲ್ ಜೋಶಿ. ಹುಡುಗನಾಗಿದ್ದಾಗ ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಬಂದು ಪ್ರಾಕ್ಟೀಸ್ ಮಾಡಿ, ಶಾಲೆ ಹೊತ್ತಿಗೆ ವಾಪಸ್ ಗದಗಿಗೆ ಹೋಗುತ್ತಿದ್ದವರು. ಸುಮಾರು 60 ಕಿಲೋಮೀಟರ್ ಒಂದು ಕಡೆಗೆ. ಈ ಮಾರ್ಗ ನನಗೆ ಕಣ್ಣು ಮುಚ್ಚಿದರೂ ಗೊತ್ತು. ಚಳಿಗಾಲದಲ್ಲಿ ಅಣ್ಣಿಗೇರಿ ದಾಟುವಾಗ ಹೊಲದ ಮೇಲೆ ಇಬ್ಬನಿ ನಿಂತಿರುತ್ತದೆ, ಕಿಟಕಿ ಹಾಕದಿದ್ದರೆ ಬೆರಳು ಮರಗಟ್ಟುತ್ತವೆ. ಎಡಗೈ ಸ್ಪಿನ್ನರ್‌ಗೆ ಬೆರಳೇ ಬಂಡವಾಳ. ಆ ಬೆರಳು ಬೆಚ್ಚಗೆ ಮಾಡಿಕೊಂಡು ಹುಬ್ಬಳ್ಳಿಯಲ್ಲಿ ಇಳಿದು ಚೆಂಡು ಹಿಡಿಯಬೇಕಾಗಿತ್ತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ಮೇಲೆ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಆ ದಿನ ಈ ಅಂಕಿ ಕೇಳಿ ನಮ್ಮ ಸ್ಟೇಷನ್ನಿನಲ್ಲಿ ಯಾರೂ ನಂಬಲಿಲ್ಲ. ಓದುವಾಗ ತಪ್ಪಾಗಿದೆ ಅಂದುಕೊಂಡಿದ್ದೆವು. 15 ಟೆಸ್ಟ್, 69 ಒಂದು ದಿನದ ಪಂದ್ಯ ಆಡಿದರು, 2020ರಲ್ಲಿ ಭಾರತದ ಆಯ್ಕೆ ಸಮಿತಿ ಮುಖ್ಯಸ್ಥರೂ ಆದರು.

ಯಾಕೆ ಇದನ್ನು ಹೇಳುತ್ತಿದ್ದೇನೆ ಅಂದರೆ, ಆಗ ಹುಬ್ಬಳ್ಳಿಗೆ ಬಂದರೆ ಆಟ ಕಲಿಯಬಹುದಿತ್ತು. ಈಗ ಆ ಹುಡುಗನ ವಯಸ್ಸಿನವರು ಹುಬ್ಬಳ್ಳಿಗೆ ಬಂದರೂ ದೊಡ್ಡ ಆಟ ನೋಡುವುದಕ್ಕೆ ವರ್ಷಕ್ಕೊಂದು ರಣಜಿ ಪಂದ್ಯ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಟಿ20 ಅಂದರೆ ಎಲ್ಲರಿಗೂ ಸಿಕ್ಸರ್. ಆದರೆ ಒಬ್ಬ ಎಡಗೈ ಸ್ಪಿನ್ನರ್ ಏಳನೇ ಓವರಿನಿಂದ ಹದಿಮೂರನೇ ಓವರಿನ ತನಕ ಪಂದ್ಯವನ್ನು ಹೇಗೆ ಕಟ್ಟಿಹಾಕುತ್ತಾನೆ ಅನ್ನುವುದನ್ನು ಬೌಂಡರಿ ಗೆರೆ ಹತ್ತಿರ ಕೂತು ನೋಡಬೇಕು. ಟಿವಿಯಲ್ಲಿ ಚೆಂಡು ಕಾಣುತ್ತದೆ, ಫೀಲ್ಡರನ್ನು ಎರಡು ಹೆಜ್ಜೆ ಸರಿಸಿದ್ದು ಕಾಣುವುದಿಲ್ಲ.

ಹಾವೇರಿ ಅಪ್ಪ:

ಸರ್, ನಿಮ್ಮ ಮಾತು ಓದಿ ಸುಮ್ನೆ ಕೂರಲು ಆಗಲಿಲ್ಲ. ನನ್ನ ಮಗ 15 ವರ್ಷದವನು, ಆಫ್ ಸ್ಪಿನ್ ಹಾಕುತ್ತಾನೆ. ಕಳೆದ ವರ್ಷ ಬೆಂಗಳೂರಿನಲ್ಲಿ ಒಂದು ಆಯ್ಕೆಗೆ ಕರೆದುಕೊಂಡು ಹೋಗಿದ್ದೆ. ರಾತ್ರಿ ಬಸ್ಸು. ಬೆಳಿಗ್ಗೆ ಆರಕ್ಕೆ ಇಳಿದು, ಬಸ್ ನಿಲ್ದಾಣದಲ್ಲೇ ಮುಖ ತೊಳೆದು, ಮೈದಾನಕ್ಕೆ ಹೋದೆವು. ಮಧ್ಯಾಹ್ನ ಮೂರರ ತನಕ ಬಿಸಿಲಲ್ಲಿ ಕಾದ. ಕೊನೆಗೆ ಆರು ಎಸೆತ ಹಾಕಿಸಿದರು. ಅದರಲ್ಲಿ ಎರಡು ಎಸೆತ ಹಾಕುವ ಹೊತ್ತಿಗೆ ನೋಡುವವರು ಫೋನಿನಲ್ಲಿ ಮಾತಾಡುತ್ತಿದ್ದರು. ನಾಲ್ಕನೇ ಎಸೆತ ಬಹಳ ಚೆನ್ನಾಗಿ ಬಿತ್ತು, ಬ್ಯಾಟ್ ಮತ್ತು ಪ್ಯಾಡ್ ನಡುವೆ ನುಗ್ಗಿ ಸ್ಟಂಪ್ ಬಿತ್ತು. "ಮುಂದಿನವರು" ಅಂದರು. ಅಷ್ಟೇ. ವಾಪಸ್ ಬರುವಾಗ ದಾವಣಗೆರೆ ದಾಟುವ ತನಕ ಅವನು ಮಾತಾಡಲಿಲ್ಲ. ಆಮೇಲೆ ಕೇಳಿದ, "ಅಪ್ಪಾ, ನಾಲ್ಕನೇದು ನೀನು ನೋಡಿದೆಯಾ?" ಅಂತ. ನೋಡಿದ್ದೆ.

ಹಾವೇರಿಯಿಂದ ಹುಬ್ಬಳ್ಳಿಗೆ ಒಂದೂವರೆ ಗಂಟೆ ದಾರಿ. ಪಂದ್ಯ ಇಲ್ಲಿ ನಡೆದರೆ, ತಂಡ ಎರಡು ವಾರ ಇಲ್ಲೇ ಉಳಿದರೆ, ನೆಟ್ಸ್‌ನಲ್ಲಿ ಬೌಲ್ ಮಾಡಲು ಹುಡುಗರು ಬೇಕೇ ಬೇಕಾಗುತ್ತಾರೆ. ಪಡಿಕ್ಕಲ್‌ಗೆ ನೆಟ್ಸ್‌ನಲ್ಲಿ ಇಪ್ಪತ್ತು ಎಸೆತ ಹಾಕಿದರೆ ಸಾಕು, ಅವನು ಮೂರು ವರ್ಷ ಕಲಿಯುವುದನ್ನು ಮೂರು ದಿನದಲ್ಲಿ ಕಲಿಯುತ್ತಾನೆ. ನನಗೆ ಬೇಕಾಗಿರುವುದು ಇಷ್ಟೇ.

ನಂಬರ್ ಹದಿನೆಂಟು, ವಿದ್ಯಾನಗರ:

ಕಾಕಾ, ಇದನ್ನು ಓದಿ ನನ್ನ ಆರ್‌ಸಿಬಿ ಸಿಟ್ಟೆಲ್ಲ ಸಣ್ಣದು ಅನ್ನಿಸಿತು. ನಿಮ್ಮ ಮಗ ಭಾನುವಾರ ಹುಬ್ಬಳ್ಳಿಗೆ ಬರುವುದಾದರೆ ಹೇಳಿ. ನೆಹರೂ ಮೈದಾನದಲ್ಲಿ ನಾವು ಟೆನಿಸ್ ಬಾಲ್ ಆಡುತ್ತೇವೆ, ಆದರೆ ನಮ್ಮಲ್ಲಿ ಇಬ್ಬರು ಲೆದರ್ ಬಾಲ್ ಲೀಗ್ ಆಡುವವರಿದ್ದಾರೆ. ಅವರ ಎದುರು ಬೌಲ್ ಮಾಡಬಹುದು.

ಮಳೆ ಲೆಕ್ಕ, ಕೇಶ್ವಾಪುರ:

ಎಲ್ಲರೂ ಭಾವನೆಯಿಂದ ಬರೆದಿದ್ದೀರಿ, ನನಗೂ ಅದೇ ಭಾವನೆ. ಆದರೆ ಒಂದು ವಿಷಯ ಯಾರೂ ಎತ್ತಲಿಲ್ಲ. ಮಹಾರಾಜ ಟ್ರೋಫಿ ನಡೆಯುವುದು ಆಗಸ್ಟಿನಲ್ಲಿ. ಶ್ರಾವಣದ ಜಿಟಿಜಿಟಿ ಮಳೆ ನಮ್ಮ ಕಡೆ ಹೇಗಿರುತ್ತದೆ ಅಂತ ಎಲ್ಲರಿಗೂ ಗೊತ್ತು. ಜೋರಾಗಿ ಬಂದು ನಿಲ್ಲುವ ಮಳೆ ಅಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಹನಿಯುತ್ತಲೇ ಇರುತ್ತದೆ. ಔಟ್‌ಫೀಲ್ಡ್ ಒಮ್ಮೆ ನೆನೆದರೆ ಒಣಗುವುದಕ್ಕೆ ಬಿಸಿಲೇ ಇರುವುದಿಲ್ಲ. ಕಪ್ಪು ಎರೆ ಮಣ್ಣು ನೀರು ಹಿಡಿದರೆ ಬಿಡುವುದಿಲ್ಲ. ಮೈದಾನದ ಅಡಿಯಲ್ಲಿ ಮರಳಿನ ಪದರ, ನೀರು ಹರಿದು ಹೋಗುವ ಪೈಪು ಎಲ್ಲ ಚೆನ್ನಾಗಿದ್ದರೆ ಮಾತ್ರ ಟಿ20 ನಡೆಸಬಹುದು. ಇಪ್ಪತ್ತು ಓವರಿನ ಪಂದ್ಯಕ್ಕೆ ಮೂರು ಗಂಟೆ ಒಣ ಹೊತ್ತು ಬೇಕು, ರಣಜಿ ಹಾಗೆ ನಾಲ್ಕು ದಿನ ಕಾಯಲು ಆಗುವುದಿಲ್ಲ.

ಬ್ಯಾಟ್ ದಾರ, ಹುಬ್ಬಳ್ಳಿ:

ಒಪ್ಪಿದೆ ಸರ್. ಆದರೆ ಮಳೆ ನಮ್ಮ ಊರಿನದು ಮಾತ್ರ ಅಲ್ಲ. 2025ರ ಫೈನಲ್ ಮೈಸೂರಿನಲ್ಲಿ ನಡೆದದ್ದು, ಮಳೆಯಿಂದಲೇ ಅರ್ಧಕ್ಕೆ ಮುಗಿದದ್ದು. ಆ ನೋವು ನನಗಿನ್ನೂ ಇದೆ. ನಾವು 154 ಮಾಡಿದ್ದೆವು. ಮಂಗಳೂರು ಡ್ರ್ಯಾಗನ್ಸ್ 10.4 ಓವರಿನಲ್ಲಿ 2 ವಿಕೆಟ್ಟಿಗೆ 85 ಇರುವಾಗ ಮಳೆ ಬಂತು. ಪಂದ್ಯ ಮತ್ತೆ ಶುರು ಆಗಲೇ ಇಲ್ಲ. ವಿಜೆಡಿ ಲೆಕ್ಕದಲ್ಲಿ 14 ರನ್‌ಗಳಿಂದ ಸೋತೆವು. ಅದು ಹೇಗೆ 14 ಅಂತ ನನಗೆ ಇವತ್ತಿಗೂ ಸರಿಯಾಗಿ ಅರ್ಥವಾಗಿಲ್ಲ. ಅಕ್ಕಾ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಸ್ಕೋರರ್ ಅಕ್ಕ, ಧಾರವಾಡ:

ಹೇಳುತ್ತೇನೆ. ವಿಜೆಡಿ ಅಂದರೆ ವಿ. ಜಯದೇವನ್ ಪದ್ಧತಿ. ಅವರು ಕೇರಳದ ತ್ರಿಶೂರಿನ ಎಂಜಿನಿಯರ್. ಅಂತರರಾಷ್ಟ್ರೀಯ ಪಂದ್ಯಕ್ಕೆ ಡಿಎಲ್ಎಸ್ ಇದೆಯಲ್ಲ, ಅದೇ ಕೆಲಸಕ್ಕೆ ನಮ್ಮ ದೇಶೀಯ ಪಂದ್ಯಗಳಲ್ಲಿ ಇದನ್ನು ಬಳಸುತ್ತಾರೆ. ಮಳೆ ಬಂದ ಹೊತ್ತಿಗೆ ಎಷ್ಟು ಎಸೆತ ಮುಗಿದಿದೆ, ಎಷ್ಟು ವಿಕೆಟ್ ಬಿದ್ದಿದೆ, ಎರಡನ್ನೂ ನೋಡಿ "ಇಷ್ಟು ರನ್ ಇದ್ದರೆ ಸಮ" ಅಂತ ಒಂದು ಅಂಕಿ ಬರುತ್ತದೆ. 85ರಿಂದ 14 ಕಳೆಯಿರಿ, 71. ಅಂದರೆ 10.4 ಓವರಿಗೆ 2 ವಿಕೆಟ್ ಕಳೆದುಕೊಂಡ ತಂಡಕ್ಕೆ 71 ಇದ್ದರೆ ಸಮ. ಅವರು 14 ಮುಂದಿದ್ದರು. ಇನ್ನೆರಡು ವಿಕೆಟ್ ಬಿದ್ದಿದ್ದರೆ ಆ 71 ಮೇಲೆ ಏರುತ್ತಿತ್ತು. ವಿಕೆಟ್ ಜಾಸ್ತಿ ಬಿದ್ದಷ್ಟೂ ಅಂಕಿ ಏರುತ್ತದೆ, ಇದನ್ನು ನೆನಪಿಡಿ.

ಮೋಡ ಕಂಡ ದಿನ ಎರಡನೇ ಸಲ ಬೌಲ್ ಮಾಡುವ ನಾಯಕ ರನ್ ತಡೆಯುವುದಕ್ಕಿಂತ ವಿಕೆಟ್ ತೆಗೆಯುವ ಬೌಲರನ್ನು ಮೊದಲು ತರಬೇಕು. ಕೊನೆಗೆ ಅಂತ ಒಳ್ಳೆಯ ಬೌಲರನ್ನು ಉಳಿಸಿಟ್ಟುಕೊಂಡರೆ ಆ ಕೊನೆ ಬರುವುದೇ ಇಲ್ಲ. ಇದು ನನ್ನ ಅಭಿಪ್ರಾಯ. ಮುಂದಿನ ಸೀಸನ್ನಿಗೆ ಟೈಗರ್ಸ್ ಇದನ್ನು ಯೋಚಿಸಬೇಕು.

ಗದಗ ಲೋಕಲ್:

ಬಹಳ ಚೆನ್ನಾಗಿ ತಿಳಿಸಿದಿರಿ.

ನಂಬರ್ ಹದಿನೆಂಟು, ವಿದ್ಯಾನಗರ:

ಹಾಗಾದರೆ ತಂಡದ ವಿಚಾರಕ್ಕೇ ಬರೋಣ. ಮನೀಶ್ ಪಾಂಡೆಯನ್ನು ಬಿಟ್ಟದ್ದು ಸರಿಯಾ? 2023ರಲ್ಲಿ ಕಪ್ ಗೆದ್ದು ಕೊಟ್ಟ ನಾಯಕ. ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ, ಅದೂ ಆರ್‌ಸಿಬಿಗೆ, 2009ರಲ್ಲಿ. ಕರ್ನಾಟಕಕ್ಕೆ ಎರಡು ವರ್ಷ ಸತತ ಮುಷ್ತಾಕ್ ಅಲಿ ಟ್ರೋಫಿ, ಅಂದರೆ ರಾಜ್ಯ ತಂಡಗಳ ಟಿ20 ಟೂರ್ನಿ, ಗೆದ್ದುಕೊಟ್ಟವರು. ಅವರು ಮೈಸೂರಿಗೆ ಹೋದಾಗ ನನಗೆ ಬೇಜಾರಾಗಿತ್ತು.

ಬ್ಯಾಟ್ ದಾರ, ಹುಬ್ಬಳ್ಳಿ:

ನನಗೂ ಆಗಿತ್ತು. 2023ರ ಫೈನಲ್ ಅಂಗಡಿಯಲ್ಲೇ ನೋಡಿದ್ದೆ. ಮೊಹಮ್ಮದ್ ತಾಹಾ 72, ಮನೀಶ್ ಔಟಾಗದೆ 50, ನಮ್ಮದು 203. ಮೈಸೂರು 195ಕ್ಕೆ ನಿಂತಿತು. 8 ರನ್. ವಿಚಿತ್ರ ನೋಡಿ, 2019ರ ಕೆಪಿಎಲ್ ಫೈನಲ್‌ನಲ್ಲಿ ವಿನಯ್ ಕುಮಾರ್ ನಾಯಕರಾಗಿದ್ದಾಗಲೂ ಬಳ್ಳಾರಿ ಮೇಲೆ ಗೆದ್ದದ್ದು 8 ರನ್‌ಗಳಿಂದಲೇ.

ಆದರೆ ಹರಾಜಿನ ಲೆಕ್ಕ ಬೇರೆ ತಮ್ಮಾ. 2025ರಲ್ಲಿ ಒಂದು ತಂಡದ ಹತ್ತಿರ ಇದ್ದದ್ದು 50 ಲಕ್ಷ. ಪಡಿಕ್ಕಲ್‌ಗೆ 13.20 ಲಕ್ಷ, ಅಭಿನವ್ ಮನೋಹರ್‌ಗೆ 12.20 ಲಕ್ಷ. ಇಬ್ಬರಿಗೇ 25.40 ಲಕ್ಷ, ಅಂದರೆ ಅರ್ಧಕ್ಕಿಂತ ಜಾಸ್ತಿ. ಮೈಸೂರು ಮನೀಶ್‌ಗೆ 12.20 ಲಕ್ಷ ಕೊಟ್ಟಿತು. ಮೂವರನ್ನೂ ಇಟ್ಟುಕೊಂಡಿದ್ದರೆ ಉಳಿದವರಿಗೆ ದುಡ್ಡೇ ಇರುತ್ತಿರಲಿಲ್ಲ. ಪಡಿಕ್ಕಲ್ ಬಂದು ಫೈನಲ್ ತನಕ ಕರೆದುಕೊಂಡು ಹೋದರು. 2025ರ ಡಿಸೆಂಬರಿನಲ್ಲಿ ಮುಷ್ತಾಕ್ ಅಲಿಯಲ್ಲಿ ತಮಿಳುನಾಡು ಮೇಲೆ 46 ಎಸೆತಕ್ಕೆ ಔಟಾಗದೆ 102. ಅಂಥ ಫಾರ್ಮ್ ಇರುವವರನ್ನು ಯಾರು ಬಿಡುತ್ತಾರೆ?

ಸ್ಕೋರರ್ ಅಕ್ಕ, ಧಾರವಾಡ:

ಅಲ್ಲೇ ನನ್ನ ಚಿಂತೆ. ಆ ಫಾರ್ಮ್ ಹಾಗೇ ಇದ್ದರೆ ಆಗಸ್ಟಿನಲ್ಲಿ ಭಾರತ ತಂಡವೋ ಭಾರತ ಎ ತಂಡವೋ ಕರೆಯಬಹುದು. ಕರೆಯಲಿ, ಅದೇ ನಮ್ಮ ಆಸೆ. ಆದರೆ ಕಾಲು ಭಾಗ ದುಡ್ಡು ಹಾಕಿದ ಆಟಗಾರ ಹೋದರೆ ತಂಡ ಏನು ಮಾಡುತ್ತದೆ? ಅದಕ್ಕೆ ಎರಡನೇ ಸಾಲಿನ ಹುಡುಗರು ಬೇಕು.

2024ರ ಆಗಸ್ಟ್ 23 ನೆನಪಿದೆಯಾ? ಬೆಂಗಳೂರು ಬ್ಲಾಸ್ಟರ್ಸ್ ಮೇಲೆ. ಎರಡೂ ತಂಡ 164. ಪಂದ್ಯ ಸಮ ಆದರೆ ಎರಡೂ ತಂಡಕ್ಕೆ ಒಂದೊಂದು ಓವರ್ ಆಡಿಸುತ್ತಾರಲ್ಲ, ಆ ಮೊದಲ ಸೂಪರ್ ಓವರ್ 10ಕ್ಕೆ 10. ಎರಡನೇದು 8ಕ್ಕೆ 8. ಮೂರನೇದರಲ್ಲಿ ಅವರು 12. ನಾನು ಮನೆಯಲ್ಲಿ ನೋಡುತ್ತಾ ಬರೆಯುತ್ತಿದ್ದೆ, ಹಾಳೆಯ ಅಂಚಿನಲ್ಲಿ ಜಾಗ ಮುಗಿದು ಹಿಂದೆ ತಿರುಗಿಸಿ ಬರೆದೆ. ಕೊನೆಯ ಎಸೆತಕ್ಕೆ ಮನ್ವಂತ್ ಕುಮಾರ್ ಫೋರ್ ಹೊಡೆದರು, 13. ಒಂದು ಸೂಪರ್ ಓವರ್ ಹಾಕಿದ ಬೌಲರ್ ಅದರ ಮುಂದಿನದನ್ನು ಹಾಕುವಂತಿಲ್ಲ. ಔಟಾದ ಬ್ಯಾಟರ್ ಮತ್ತೆ ಬರುವಂತಿಲ್ಲ. ಹಾಗಾಗಿ ಮೂರನೇ ಸೂಪರ್ ಓವರ್ ಗೆಲ್ಲುವುದು ಪೋಸ್ಟರಿನಲ್ಲಿರುವ ಇಬ್ಬರಿಂದ ಆಗುವುದಿಲ್ಲ. ಆ ವರ್ಷದ ಕೊನೆಗೆ ಐಪಿಎಲ್ ಹರಾಜಿನಲ್ಲಿ ಡೆಲ್ಲಿ ಮನ್ವಂತ್‌ರನ್ನು 30 ಲಕ್ಷಕ್ಕೆ ತಗೊಂಡಿತು. ಮಹಾರಾಜ ಟ್ರೋಫಿ ಇಲ್ಲದಿದ್ದರೆ ಆ ಹೆಸರು ಅಲ್ಲಿಗೆ ಮುಟ್ಟುತ್ತಿತ್ತಾ?

ಗದಗ ಲೋಕಲ್:

ಆಯಾ ವಲಯದ ಹುಡುಗರನ್ನು ತಂಡಕ್ಕೆ ಸೇರಿಸಿಕೊಳ್ಳುವ ಪದ್ಧತಿ ಕೆಪಿಎಲ್ ಕಾಲದಿಂದ ಇದೆ. ಆದರೆ ಸೇರಿಸಿಕೊಂಡು ಬೆಂಚಿನಲ್ಲಿ ಕೂರಿಸಿದರೆ ಏನು ಬಂತು? ಧಾರವಾಡದ ಪವನ್ ದೇಶಪಾಂಡೆ ಕರ್ನಾಟಕಕ್ಕೆ ಆಡಿದರು, 2018ರಲ್ಲಿ ಆರ್‌ಸಿಬಿ ತಗೊಂಡಿತು. ಅವರ ನಂತರ ನಮ್ಮ ಭಾಗದ ಎಷ್ಟು ಹೆಸರು ಜನರ ಬಾಯಲ್ಲಿದೆ ಹೇಳಿ. ಪ್ರತಿಭೆ ಕಡಿಮೆ ಅಂತ ನಾನು ನಂಬುವುದಿಲ್ಲ. ಮೇಲಿನ ಹಾವೇರಿಯವರ ಮಗನ ನಾಲ್ಕನೇ ಎಸೆತವೇ ಸಾಕು ನನಗೆ.

ಮಳೆ ಲೆಕ್ಕ, ಕೇಶ್ವಾಪುರ:

ನಾನು ವಿರೋಧ ಮಾಡುವವನಲ್ಲ, ಆಗುವ ದಾರಿ ಹುಡುಕುವವನು. ಎಲ್ಲ ಪಂದ್ಯ ಕೇಳಿದರೆ ಯಾರೂ ಕೊಡುವುದಿಲ್ಲ. ಟೂರ್ನಿಯ ಕೊನೆಯ ಒಂದು ವಾರ ಕೇಳೋಣ, ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಬಿಡುವು ಕೊಡುತ್ತದೆ. ಅದೂ ಕಷ್ಟ ಅಂದರೆ ಟೂರ್ನಿಯನ್ನೇ ಸೆಪ್ಟೆಂಬರಿಗೆ ತಳ್ಳಿ ಅನ್ನೋಣ. 2017ರ ಕೆಪಿಎಲ್ ಸೆಪ್ಟೆಂಬರಿನಲ್ಲೇ ನಡೆದಿತ್ತು.

ಮತ್ತೆ ಜನ ಸೇರುವ ವಿಚಾರ. 2025ರ ಜೂನ್ 4ರಂದು ಆರ್‌ಸಿಬಿ ಕಪ್ ಸಂಭ್ರಮದ ದಿನ ಚಿನ್ನಸ್ವಾಮಿ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಜೀವ ಕಳೆದುಕೊಂಡರು. ಕಪ್ ನೋಡಲು ಹೋದ ಮಕ್ಕಳು ಮನೆಗೆ ಬರಲಿಲ್ಲ. ಮಹಾರಾಜ ಟ್ರೋಫಿ ಮೈಸೂರಿಗೆ ಹೋಯಿತು, ಅಲ್ಲೂ ಪ್ರೇಕ್ಷಕರಿಲ್ಲದೆ ನಡೆಯಿತು. ಮಹಿಳಾ ವಿಶ್ವಕಪ್ಪಿನ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದವು. ನಾವು ಪಂದ್ಯ ಕೇಳುವಾಗ ಇದನ್ನು ಮರೆಯಬಾರದು. ಎಷ್ಟು ಸೀಟು ಇದೆಯೋ ಅಷ್ಟೇ ಟಿಕೆಟ್, ಗೇಟಿನ ಹತ್ತಿರ ಟಿಕೆಟ್ ಮಾರಾಟ ಇಲ್ಲ, ಬರುವ ದಾರಿ ಬೇರೆ ಹೋಗುವ ದಾರಿ ಬೇರೆ. ಇದನ್ನು ನಾವೇ ಮೊದಲು ಬರೆದು ಕೇಳಬೇಕು.

ಹಾವೇರಿ ಅಪ್ಪ:

ಸರಿಯಾದ ಮಾತು. ಮಕ್ಕಳನ್ನು ಕರೆದುಕೊಂಡು ಬರುವವರು ನಾವು. ಅದಿಲ್ಲದಿದ್ದರೆ ಪಂದ್ಯ ಇದ್ದರೂ ನಾನು ಕರೆತರುವುದಿಲ್ಲ.

ಸ್ಕೋರರ್ ಅಕ್ಕ, ಧಾರವಾಡ:

ಇನ್ನೊಂದು ಸೇರಿಸಿ. 2025ರಲ್ಲಿ ಹೆಣ್ಣುಮಕ್ಕಳಿಗೆ ಮಹಾರಾಣಿ ಟ್ರೋಫಿ ಶುರುವಾಗಿದೆ. ಅದರ ಒಂದೆರಡು ಪಂದ್ಯವಾದರೂ ಇಲ್ಲಿಗೆ ಬರಲಿ. 2024ರ ಡಬ್ಲ್ಯುಪಿಎಲ್ (ಮಹಿಳೆಯರ ಪ್ರೀಮಿಯರ್ ಲೀಗ್) ಫೈನಲ್‌ನಲ್ಲಿ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ತೆಗೆದು ಆರ್‌ಸಿಬಿಗೆ ಮೊದಲ ಕಪ್ ತಂದುಕೊಟ್ಟರು. ಗಂಡುಮಕ್ಕಳ ತಂಡಕ್ಕಿಂತ ಒಂದು ವರ್ಷ ಮೊದಲೇ. ಅವರು ಕಲಬುರಗಿ ಕಡೆಯವರು, ನಮ್ಮ ಉತ್ತರ ಕರ್ನಾಟಕದ ಹುಡುಗಿ. ನಾನು ಸ್ಕೋರ್ ಬರೆಯಲು ಶುರು ಮಾಡಿದಾಗ ಮೈದಾನದಲ್ಲಿ ಹೆಂಗಸು ಅಂತ ಇದ್ದದ್ದು ನಾನೊಬ್ಬಳೇ. ಈಗ ಭಾನುವಾರ ಧಾರವಾಡದ ನೆಟ್ಸ್‌ನಲ್ಲಿ ಹತ್ತು ಹನ್ನೆರಡು ಹುಡುಗಿಯರು ಪ್ಯಾಡ್ ಕಟ್ಟಿಕೊಂಡು ಸಾಲಾಗಿ ನಿಂತಿರುತ್ತಾರೆ.

ನಂಬರ್ ಹದಿನೆಂಟು, ವಿದ್ಯಾನಗರ:

ಹಾಗಾದರೆ ಪತ್ರ ಬರೆಯೋಣ. ವೆಂಕಟೇಶ್ ಪ್ರಸಾದ್ 2025ರ ಡಿಸೆಂಬರಿನಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಅಧ್ಯಕ್ಷರಾದರು. ಆಟ ಆಡಿ ಬಂದವರು. ಹೊಸ ಸಮಿತಿ ಇರುವಾಗಲೇ ಕೇಳಿದರೆ ಒಳ್ಳೆಯದು. ಸಹಿ ಹಾಕಿಸುವ ಕೆಲಸ ನನಗೆ ಬಿಡಿ. ಕಾಲೇಜುಗಳಲ್ಲಿ ನಾನು ಓಡಾಡುತ್ತೇನೆ.

ಬ್ಯಾಟ್ ದಾರ, ಹುಬ್ಬಳ್ಳಿ:

ಮಸ್ತ್ ತಮ್ಮಾ. ನಿನ್ನೆ ರಾತ್ರಿ ಅಂಗಡಿ ಮುಚ್ಚಿದ ಮೇಲೆ ಕೂತು ಬರೆಯಲು ಶುರು ಮಾಡಿದ್ದೇನೆ. ಇಲ್ಲಿ ಬಂದ ಮಾತನ್ನೇ ಹಾಕಿದ್ದೇನೆ. ಕೊನೆಯ ವಾರದ ನಾಲ್ಕು ಪಂದ್ಯ ರಾಜನಗರದಲ್ಲಿ, ಆಗದಿದ್ದರೆ ಸೆಪ್ಟೆಂಬರ್. ಸೀಟಿಗೆ ತಕ್ಕಷ್ಟೇ ಟಿಕೆಟ್. ಮಹಾರಾಣಿ ಟ್ರೋಫಿಯ ಎರಡು ಪಂದ್ಯ. ತಂಡ ಇಲ್ಲಿರುವ ದಿನ ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಹುಡುಗರಿಗೆ ನೆಟ್ಸ್‌ನಲ್ಲಿ ಬೌಲ್ ಮಾಡುವ ಅವಕಾಶ. ಮೈದಾನದಲ್ಲಿ ಹಿಂದೆ ಆದದ್ದನ್ನು ಅಕ್ಕ ಬರೆದ ಹಾಗೇ ಹಾಕಿದ್ದೇನೆ, 306, 193, 227. ಗದಗದ ಸರ್, ನೀವು ಜೋಶಿಯವರ ಬಗ್ಗೆ ಬರೆದ ಭಾಗ ಪತ್ರಕ್ಕೆ ತಗೊಳ್ಳಲಾ?

ಗದಗ ಲೋಕಲ್:

ಧಾರಾಳವಾಗಿ ತಗೊಳ್ಳಿ. ಪತ್ರ ಸಿದ್ಧ ಆದ ಮೇಲೆ ಇಲ್ಲಿ ಒಮ್ಮೆ ಹಾಕಿ, ಓದಿ ತಿದ್ದೋಣ. ಸಹಿ ಮಾಡಲು ನಾನು ಗಾಡಿ ಹಿಡಿದು ಬರುತ್ತೇನೆ.

ಮಳೆ ಲೆಕ್ಕ, ಕೇಶ್ವಾಪುರ:

ನೀರು ಹರಿಯುವ ವ್ಯವಸ್ಥೆ ಬಗ್ಗೆ ಎರಡು ಸಾಲು ನಾನು ಬರೆದು ಕೊಡುತ್ತೇನೆ. ಅದನ್ನು ಬಿಟ್ಟರೆ ಅವರು ಮೊದಲು ಕೇಳುವುದೇ ಅದನ್ನು.

ಹಾವೇರಿ ಅಪ್ಪ:

ಭಾನುವಾರ ಮಗನನ್ನು ಕರೆದುಕೊಂಡು ನೆಹರೂ ಮೈದಾನಕ್ಕೆ ಬರುತ್ತೇನೆ. ಅಲ್ಲೇ ಸಹಿ ಹಾಕುತ್ತೇನೆ. ಅವನ ತಂಗಿಯೂ ಬರುತ್ತಾಳಂತೆ. 11 ವರ್ಷ. ಅಣ್ಣನ ಹಳೆ ಬ್ಯಾಟಿನಲ್ಲಿ ಆಡುತ್ತಾಳೆ, ಅದು ಅವಳಿಗೆ ಉದ್ದ ಆಗುತ್ತದೆ, ಹೊಡೆಯುವಾಗ ಹಿಡಿಕೆಯ ತುದಿ ಹೊಟ್ಟೆಗೆ ತಾಗುತ್ತದೆ. ಎತ್ತರ 4 ಅಡಿ 10 ಇಂಚು. ಯಾವ ಸೈಜ್ ತಗೊಳ್ಳಲಿ ಅಣ್ಣಾ?

ಬ್ಯಾಟ್ ದಾರ, ಹುಬ್ಬಳ್ಳಿ:

ಆ ಎತ್ತರಕ್ಕೆ ಸೈಜ್ 5. ಬೆಳೆಯುವ ಮಗು ಅಂತ ದೊಡ್ಡದು ತಗೊಳ್ಳಬೇಡಿ, ಭಾರ ಆದರೆ ಕೆಳಗೈ ಜಾಸ್ತಿ ಬಳಸಿ ಆಟವೇ ಕೆಡುತ್ತದೆ. ಕಾಶ್ಮೀರ್ ವಿಲೋ ಸಾಕು, ಇಂಗ್ಲಿಷ್ ವಿಲೋಗೆ ಈಗಲೇ ದುಡ್ಡು ಹಾಕಬೇಡಿ. ಭಾನುವಾರ ಬರುವಾಗ ಆ ಹಳೆ ಬ್ಯಾಟನ್ನೂ ತನ್ನಿ. ಹಿಡಿಕೆಯ ದಾರ ಸಡಿಲಾಗಿದ್ದರೆ ಮತ್ತೆ ಸುತ್ತಿಕೊಡುತ್ತೇನೆ, ಅಣ್ಣನಿಗೆ ಇನ್ನೂ ಒಂದು ವರ್ಷ ಬರುತ್ತದೆ.